ಹಿಸ್ಸೆಗೆ ಬಂದ ಸ್ಟೀರಿಯೋ

ತೊಂಬತ್ತರ ದಶಕದ ನಡುವಿನ ಮಾತು. ಆಗ ನಾನು ಶಿಕಾರಿಪುರದ ಕಾಲೇಜಿನಲ್ಲಿ ಓದುತ್ತಿದ್ದೆ ಎನ್ನುವುದಕ್ಕಿಂತ ವಾದಿಸುತ್ತಿದ್ದೆ ಎನ್ನುವುದೇ ಸರಿ. ಚರ್ಚಾಸ್ಪರ್ಧೆಗಳಲ್ಲಿ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಚೀಟಿಯಲ್ಲಿ ಬಂದದ್ದನ್ನು ಹುಟ್ಟಿದಾಗಿನಿಂದ ನಂಬಿಕೊಂಡು ಬಂದವಳ ಹಾಗೆ ಮೇಜು ಕುಟ್ಟುತ್ತಿದ್ದೆ. ಇದರಿಂದ ಮನೆಯವರಿಗೆ ಆದ ಲಾಭವೆಂದರೆ ಗೂಡಿನ ತುಂಬ ಶೀಲ್ಡುಗಳು. ನಷ್ಟವೆಂದರೆ, ಸಾರಿಗೆ ಉಪ್ಪು ಕಡಿಮೆ ಎನ್ನಲೂ ಅವರು ನನಗೆ ಪುರಾವೆ ಕೊಡಬೇಕಿತ್ತು.

ಇಂಥ ನನ್ನನ್ನು ಜಡೆಯಿಂದ ಅಜ್ಜಿ ಹೇಳಿ ಕಳಿಸಿ ಕರೆಸಿಕೊಂಡಳು. ಜಡೆ ನನ್ನ ಅಮ್ಮನ ತವರು. ಸೊರಬದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯಬೇಕು. ಅಲ್ಲಿ ನನ್ನ ಇಬ್ಬರು ಸೋದರಮಾವಂದಿರು ಪಾಲಾಗುತ್ತಿದ್ದರು. ಗದ್ದೆ, ಬಾವಿ, ಹುಲ್ಲಿನ ಬಣವೆ ಎಲ್ಲದರ ಹಿಸ್ಸೆಯೂ ಮುಗಿದಿತ್ತು. ಮನೆಯೂ ಉದ್ದಕ್ಕೆ ಎರಡಾಗಿತ್ತು. ಈ ಮನೆಗೂ ಆ ಮನೆಗೂ ನಡುವೆ ಉಳಿದಿದ್ದು ಒಂದೇ ಒಂದು ಬಾಗಿಲು. ಅದಕ್ಕೆ ಇಟ್ಟಿಗೆ ಕಟ್ಟಿ ಮುಚ್ಚಿಸುವುದೆಂದು ಇಬ್ಬರೂ ತೀರ್ಮಾನಿಸಿದ್ದರು. ಇಡೀ ಪಾಲಿನಲ್ಲಿ ಇಬ್ಬರೂ ತಕ್ಷಣ ಒಪ್ಪಿದ್ದು ಅದೊಂದನ್ನೇ.

ಒಪ್ಪದವಳು ಅಜ್ಜಿ.

"ನನ್ನ ಹಾಸಿಗೆ ಇರೋದು ದೊಡ್ಡೋನ ಕಡೆ. ಬಚ್ಚಲ ಒಲೆ ಇರೋದು ಸಣ್ಣೋನ ಕಡೆ. ಬಾಗ್ಲು ಮುಚ್ಚಿದ್ರೆ ನಾನು ಸ್ನಾನಕ್ಕೆ ಬೀದಿ ಸುತ್ತಿ ಹೋಗಿ, 'ಮನೇಲಿ ಅದೀರೇನ್ರೀ' ಅಂತ ಕದ ತಟ್ಬೇಕೇನೇ? ಹೆತ್ತ ಮಗನ ಮನೆಗೆ ನೆಂಟಳಾಗ್ಲಾ? ನೀನು ಬಾಯಿ ಇರೋಳು. ಆ ಬಾಗ್ಲೊಂದು ಉಳಿಸ್ಕೊಡು."

ಪಾಲು ಮಾಡಿಸಲು ಬಂದಿದ್ದವರು ಶಿಕಾರಿಪುರದ ಮಾರುಕಟ್ಟೆಯಲ್ಲಿ ದಲಾಲಿ ಅಂಗಡಿ ಇಟ್ಟಿದ್ದ ಹಿರಿಯ ನೆಂಟರು. ಎಲ್ಲರೂ ಅವರನ್ನು ಸಾವ್ಕಾರ್ರು ಅನ್ನುತ್ತಿದ್ದರು. ಪಡಸಾಲೆಯಲ್ಲಿ ಅವರ ಎದುರು ನಿಂತು ನಾನು, "ಇದು ಬಾಗಿಲಿನ ಪ್ರಶ್ನೆಯಲ್ಲ, ಹಕ್ಕಿನ ಪ್ರಶ್ನೆ" ಎಂದು ಶುರುಮಾಡಿದೆ. ವೃದ್ಧೆಯ ಹಕ್ಕು, ರೂಢಿಯ ಹಕ್ಕು, ತಾಯಿಯ ಹಕ್ಕು ಎಲ್ಲವನ್ನೂ ಒಂದರ ಮೇಲೊಂದು ಪೇರಿಸಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತ ಕೊನೆಯವರೆಗೂ ಕೇಳಿದರು.

"ತಂಗೀ, ಭಾಳ ಚಲೋ ಮಾತಾಡ್ತಿ. ಆದ್ರ ಬಾಗ್ಲು ಇದ್ರ ಈ ಮನಿ ಮಾತು ಆ ಮನಿಗೆ ದಾಟ್ತಾವು. ಮಾತು ದಾಟಿದ್ರ ಜಗಳ. ಮುಚ್ಚಿಬಿಡೋದ ಚಲೋ."

ಅಷ್ಟೇ. ಎರಡನೇ ಸುತ್ತೇ ಇರಲಿಲ್ಲ. ಮೇಸ್ತ್ರಿಗೆ ನಾಳೆ ಬೆಳಿಗ್ಗೆ ಬಾ ಎಂದು ಹೇಳಿ ಕಳಿಸಿದರು. ಅಜ್ಜಿ ನನ್ನನ್ನು ನೋಡಿದ ನೋಟದಲ್ಲಿ ನನ್ನ ಅಷ್ಟೂ ಶೀಲ್ಡುಗಳಿಗೆ ತುಕ್ಕು ಹಿಡಿಯಿತು.

ಎಲ್ಲ ಮುಗಿಯಿತು ಎನ್ನುವಾಗ ಚಿಕ್ಕಮಾವ ಕೆಮ್ಮಿದರು. "ಸಾವ್ಕಾರ್ರೇ, ಮ್ಯೂಸಿಕ್ ಸಿಸ್ಟಮ್ಮು ಉಳೀತಲ್ಲ."

ಆ ಸಿಸ್ಟಮ್ಮನ್ನು ಇಬ್ಬರೂ ಒಟ್ಟಿಗಿದ್ದಾಗ ಕೂಡಿ ತಂದಿದ್ದರು. ನಡುವೆ ಕ್ಯಾಸೆಟ್ ಹಾಕುವ ಡೆಕ್ಕು, ಆಚೆಗೊಂದು ಈಚೆಗೊಂದು ಬಿಡಿ ಸ್ಪೀಕರ್ ಪೆಟ್ಟಿಗೆ. ಕೊಳ್ಳುವಾಗ ಅಂಗಡಿಗೆ ನಾನೂ ಹೋಗಿದ್ದೆ. ಅಂಗಡಿಯವನ ಪದಗಳನ್ನೆಲ್ಲ ದೊಡ್ಡಮಾವ ಬಾಯಿಪಾಠ ಮಾಡಿಕೊಂಡು ಬಂದು, ನೋಡಲು ಬಂದವರಿಗೆಲ್ಲ ಒಪ್ಪಿಸುತ್ತಿದ್ದರು. ದೊಡ್ಡ ಬಾಯಿಯದು ವೂಫರ್, ಗುಡುಗುವುದೆಲ್ಲ ಅದರಲ್ಲಿ; ಸಣ್ಣದು ಟ್ವೀಟರ್, ಕೊಳಲು, ಗೆಜ್ಜೆ, ತಾಳದ ಸದ್ದೆಲ್ಲ ಅದರಲ್ಲಿ. ಇಲ್ಲಿಯವರೆಗೆ ನನ್ನ ತಕರಾರಿಲ್ಲ. ಆಮೇಲೆ, "ಈ ಐದು ಕಡ್ಡಿ ಇಕ್ವಲೈಸರ್ರು, ಸಮ ಮಾಡ್ತದೆ" ಅನ್ನುತ್ತಿದ್ದರು.

"ಏನನ್ನ ಸಮ ಮಾಡ್ತದೆ ಮಾವ?"

"ಎಲ್ಲಾನೂ."

ಅದು ಯಾವುದನ್ನೂ ತಾನಾಗಿ ಸಮ ಮಾಡುವುದಿಲ್ಲ. ದಪ್ಪ ಸದ್ದು ಬೇಕೆಂದರೆ ಒಂದು ತುದಿಯ ಕಡ್ಡಿ ಏರಿಸಬೇಕು, ಸಣ್ಣ ಸದ್ದಿಗೆ ಇನ್ನೊಂದು ತುದಿಯದು. ನಮ್ಮವರು ದುಡ್ಡು ಕೊಟ್ಟ ಮೇಲೆ ಕಡಿಮೆ ಯಾಕೆಂದು ಐದನ್ನೂ ಮೇಲಕ್ಕೇರಿಸಿ ಬಿಟ್ಟಿದ್ದರು. ಐದೂ ಮೇಲಿದ್ದರೆ ಅದು ಇದ್ದೂ ಇಲ್ಲದ ಹಾಗೆ.

ಇದಕ್ಕಿಂತ ದೊಡ್ಡ ಸುಳ್ಳು ಪೆಟ್ಟಿಗೆಯ ಮುಂದೆ ಬಂಗಾರದ ಅಕ್ಷರದಲ್ಲಿತ್ತು: ಎರಡು ಸಾವಿರ ವ್ಯಾಟ್ ಪಿ.ಎಂ.ಪಿ.ಓ. ಅದೇ ಪೆಟ್ಟಿಗೆಯ ಬೆನ್ನಿಗೆ ಎಳ್ಳುಕಾಳಿನಂಥ ಅಕ್ಷರದಲ್ಲಿ, ಇದು ಎಳೆಯುವ ಕರೆಂಟು ನಲವತ್ತು ವ್ಯಾಟ್ ಎಂದಿತ್ತು. ನಾನು ಅಂಗಡಿಯವನನ್ನು ಕೇಳಿದ್ದೆ: "ನಲವತ್ತು ಒಳಗೆ ಹೋಗಿ ಎರಡು ಸಾವಿರ ಹೊರಗೆ ಬರೋದಾದ್ರೆ, ಕರೆಂಟಿಗೆ ಅಂತ ಶರಾವತಿಗೆ ಅಣೆಕಟ್ಟು ಕಟ್ಟಿ ಅಷ್ಟು ಊರು ಯಾಕ್ರೀ ಮುಳುಗಿಸಿದ್ರು? ಇಂಥವು ನಾಲ್ಕು ಇಟ್ಟಿದ್ರೆ ಸಾಕಿತ್ತಲ್ಲ?" ಅವನು ನನ್ನ ಮಾವಂದಿರ ಕಡೆ ತಿರುಗಿ, "ಇವರನ್ನ ಯಾಕೆ ಕರ್ಕೊಂಡು ಬಂದ್ರಿ?" ಅಂದ. ಪಿ.ಎಂ.ಪಿ.ಓ. ಎಂದರೆ, ಕಣ್ಣು ಮಿಟುಕಿಸುವಷ್ಟು ಹೊತ್ತು ಆ ಯಂತ್ರ ಎಷ್ಟು ಜೋರಾಗಿ ಅರಚಬಲ್ಲದು ಎಂಬುದನ್ನು ಕಂಪನಿಯವರು ತಮಗೆ ತೋಚಿದ ಹಾಗೆ ಹಿಗ್ಗಿಸಿ ಬರೆದ ಲೆಕ್ಕ. ದೀಪಾವಳಿಯ ಹೋರಿ ಬೆದರಿಸುವ ಆಟದಲ್ಲಿ ಹೋರಿ ಬೆನ್ನಟ್ಟಿದಾಗ ಚಿಕ್ಕಮಾವ ಒಮ್ಮೆ ಬೇಲಿ ಹಾರಿದ್ದರು. ಅದನ್ನೇ ಅವರ ದಿನನಿತ್ಯದ ನಡಿಗೆ ಎಂದು ಬರೆದರೆ ಎಷ್ಟು ನಿಜವೋ ಇದೂ ಅಷ್ಟೇ ನಿಜ.

ಅದಿರಲಿ. ಪಡಸಾಲೆಗೆ ತಂದಿಟ್ಟ ಸಿಸ್ಟಮ್ಮಿನ ಸುತ್ತ ಸಾವ್ಕಾರ್ರು ಒಂದು ಸುತ್ತು ಬಂದರು. ಮಾರುಕಟ್ಟೆಯಲ್ಲಿ ಮೂಟೆ ತಟ್ಟುವ ಹಾಗೆ ಎರಡು ಸ್ಪೀಕರನ್ನೂ ತಟ್ಟಿದರು. ಅವರ ಮುಖ ಬೆಳಗಿತು.

"ಇದ್ರಾಗ ಏನೈತಿ ಕಷ್ಟ? ಒಂದು ಜೋಡಿ ಎತ್ತು ಇದ್ರ ಹೆಂಗ ಮಾಡ್ತೀವಿ?"

ನಮ್ಮ ಕಡೆಯ ರೂಢಿ ಅದು. ಪಾಲಾಗುವಾಗ ಇರುವುದು ಒಂದೇ ಜೋಡಿ ಎತ್ತಾದರೆ ಅಣ್ಣನಿಗೊಂದು, ತಮ್ಮನಿಗೊಂದು. ನೇಗಿಲು ಒಬ್ಬನಿಗೆ, ನೊಗ ಇನ್ನೊಬ್ಬನಿಗೆ. ಉಳುವ ದಿನ ಕೂಡಿಸಿ ಕಟ್ಟಿ ಸರದಿಯಲ್ಲಿ ಇಬ್ಬರ ಗದ್ದೆಯನ್ನೂ ಉಳುವುದು. ಅದರಂತೆ ತೀರ್ಪಾಯಿತು: ಸ್ಪೀಕರ್ ಮನೆಗೊಂದು. ಡೆಕ್ಕು ದೊಡ್ಡಮಾವನಿಗೆ. ಕ್ಯಾಸೆಟ್ಟುಗಳೆಲ್ಲ ಚಿಕ್ಕಮಾವನಿಗೆ.

"ಸಾವ್ಕಾರ್ರೇ, ಇದು ಸ್ಟೀರಿಯೋ" ಅಂದೆ ನಾನು. "ಮೋನೋ ಆಗಿದ್ರೆ ಎರಡು ಸ್ಪೀಕರಿಗೂ ಒಂದೇ ಸದ್ದು ಬರುತ್ತೆ. ಸ್ಟೀರಿಯೋದಲ್ಲಿ ಎಡಕ್ಕೆ ಬೇರೆ, ಬಲಕ್ಕೆ ಬೇರೆ. ಎರಡೂ ಕೂಡಿದ್ರೇನೇ ಹಾಡು. ಇದು ಎತ್ತಿನ ಹಾಗಲ್ಲ."

"ಯಾಕಲ್ಲ? ಎಡದ ಎತ್ತನ್ನ ಬಲಕ್ಕ ಕಟ್ಟಿ ನೋಡು, ಹೆಜ್ಜಿ ಇಡಂಗಿಲ್ಲ. ಎತ್ತಿಗೂ ಎಡ ಬಲ ಐತಿ ತಂಗೀ. ಎರಡೂ ಕೂಡಿದ್ರನ ಉಳುಮಿ."

ಎತ್ತಿನ ಕೈಯಲ್ಲಿ ಸೋತು ನಾನು ಕೂತೆ.

ಮರುದಿನ ಬೆಳಿಗ್ಗೆ ಮೇಸ್ತ್ರಿ ಬಂದು ಬಾಗಿಲಿನ ಕದ ಕಳಚಿ ಗೋಡೆಗೆ ಒರಗಿಸಿದ. ಸ್ಪೀಕರಿನ ತಂತಿ ದಾಟುವುದು ಹೇಗೆ ಎಂದು ನಾನು ಆಸೆಯಿಂದ ಕೊಕ್ಕೆ ಹಾಕಿದೆ. ಅವನು ತಲೆಯೆತ್ತದೆ, "ಅದಕ್ಕೇನು, ಬೆರಳು ತೂರೋವಷ್ಟು ತೂತು ಬಿಡ್ತೀನಿ" ಅಂದ. ಅಜ್ಜಿ ಕಂಬಕ್ಕೊರಗಿ ಇಟ್ಟಿಗೆಗಳನ್ನೇ ನೋಡುತ್ತಿದ್ದಳು.

ಅವನು ಮೊದಲ ಸಾಲು ಇಡುತ್ತಿದ್ದಾಗಲೇ ಈಚೆ ದೊಡ್ಡಮಾವ ಡೆಕ್ಕು ಇಟ್ಟರು, ಆಚೆ ಚಿಕ್ಕಮಾವ ಸ್ಪೀಕರ್ ಇಟ್ಟು ಒಂದು ಭಕ್ತಿಗೀತೆಯ ಕ್ಯಾಸೆಟ್ಟನ್ನು ಈ ಕಡೆಗೆ ಚಾಚಿದರು. ಹಾಡು ಶುರುವಾಯಿತು. ಅದನ್ನು ಧ್ವನಿಮುದ್ರಿಸಿದ ಪುಣ್ಯಾತ್ಮರು ಹಾಡುಗಾರನನ್ನು ಪೂರ್ತಿ ಎಡಕ್ಕೆ, ಪಕ್ಕವಾದ್ಯದವರನ್ನು ಪೂರ್ತಿ ಬಲಕ್ಕೆ ಕೂರಿಸಿದ್ದರು.

"ಅಣ್ಣಾ, ನನಗೆ ಬರೀ ತಬಲ ಬರ್ತೈತೆ!" ಪೆಟ್ಟಿಗೆಗೆ ಕಿವಿ ಹಚ್ಚಿ ಕೂತ ಚಿಕ್ಕಮಾವ ಆಚೆಯಿಂದ ಕೂಗಿದರು.

"ನನಗೆ ಚೆನ್ನಾಗಿ ಕೇಳ್ತೈತಪ್ಪ ಹಾಡು."

"ಕೇಳ್ದೆ ಏನು? ಹಾಡು ನೀನು ಇಟ್ಕಂಡು ತಬಲ ನನಗೆ ಕೊಟ್ಟೀಯ! ಗದ್ದೇಲೂ ಹಿಂಗೇ ಮಾಡಿದೀಯೋ ಏನೋ!"

ಗದ್ದೆಯ ಹೆಸರು ಬಂದದ್ದೇ ಸಾವ್ಕಾರ್ರು ಧಾವಿಸಿದರು. ಅದಲು ಬದಲು ಮಾಡ್ರಿ ಅಂದರು. ಪೆಟ್ಟಿಗೆಗಳು ತಂತಿ ಸಮೇತ ಇಟ್ಟಿಗೆ ದಾಟಿ ಆಚೀಚೆ ಆದವು. ಈಗ ಹಾಡು ತಮ್ಮನಿಗೆ, ತಬಲ ಅಣ್ಣನಿಗೆ. ದೊಡ್ಡಮಾವ ಊರಿನ ಭಜನೆಯಲ್ಲಿ ತಾಳ ಹಾಕುವವರು, ತಾವೂ ಪೆಟ್ಟಿಗೆಗೆ ಕಿವಿ ಹಚ್ಚಿ ಅರ್ಧ ನಿಮಿಷ ತಬಲಕ್ಕೆ ತೊಡೆ ತಟ್ಟಿ, "ಯಾವ ಹಾಡಿಗೆ ತಟ್ತಾ ಇದೀನಿ ಅಂತನಾದ್ರೂ ಗೊತ್ತಾಗ್ಬೇಕಲ್ಲ!" ಎಂದು ರೇಗಿದರು. ಡೆಕ್ಕಿನ ಮೇಲೊಂದು ಬ್ಯಾಲೆನ್ಸ್ ಗುಂಡಿ ಇರುವುದು ಚಿಕ್ಕಮಾವನಿಗೆ ನೆನಪಾಯಿತು. ಅದನ್ನು ಒಂದು ಕಡೆಗೆ ತಿರುಗಿಸಿದರೆ ಆ ಕಡೆಯ ಸ್ಪೀಕರ್ ಉಳಿದು ಇನ್ನೊಂದು ಮೂಕವಾಗುತ್ತದೆ. "ಆ ಗುಂಡಿ ಅವನ ಕೈಯಾಗೆ ಐತಲ್ಲ! ನಾನು ಮಾತಾಡಿದಾಗೆಲ್ಲ ನನ್ನ ಬಾಯಿ ಮುಚ್ಚಿಸ್ತಾನೆ!"

ನಾನು ಇಲ್ಲೇ ಗೆಲ್ಲಬಹುದೆಂದುಕೊಂಡೆ. ಡೆಕ್ಕಿನಲ್ಲಿ ಮೋನೋ ಎಂದು ಬರೆದ ಗುಂಡಿಯೊಂದಿತ್ತು. "ಎಲ್ಲರೂ ಸುಮ್ಮನಿರಿ. ಇದನ್ನ ಒತ್ತಿದರೆ ಎರಡೂ ಕಡೆ ಒಂದೇ ಬರುತ್ತೆ" ಎಂದು ಘೋಷಿಸಿ ಒತ್ತಿದೆ. ಆಚೆ ಹಾಡು ಹಾಡಾಗಿಯೇ, ಈಚೆ ತಬಲ ತಬಲವಾಗಿಯೇ ಉಳಿಯಿತು. ಬಗ್ಗಿ ನೋಡಿದರೆ, ಆ ಗುಂಡಿ ರೇಡಿಯೋಕ್ಕೆ ಮಾತ್ರ ಎಂದು ಮತ್ತದೇ ಎಳ್ಳುಕಾಳಿನ ಅಕ್ಷರ.

"ಕೂಸೇ, ನಿನಗೆ ಆ ಶೀಲ್ಡೆಲ್ಲ ಯಾತಕ್ಕೆ ಕೊಟ್ರು?" ಅಂದರು ಚಿಕ್ಕಮಾವ.

ಇಷ್ಟರಲ್ಲಿ ಇಟ್ಟಿಗೆ ಮೊಣಕಾಲೆತ್ತರ ಬಂದಿತ್ತು. ಮೇಸ್ತ್ರಿ ಗಾರೆ ಕಲಸಲು ಅತ್ತ ತಿರುಗಿದ. ಅಜ್ಜಿ ನಿಧಾನವಾಗಿ ಬಂದು ಆ ಹಸಿ ಗೋಡೆಯ ಮೇಲೆ ಕೂತುಬಿಟ್ಟಳು.

"ಅವ್ವಾ! ಗಾರೆ ಹಸಿ ಐತೆ!" ಇಬ್ಬರು ಮಕ್ಕಳೂ ಒಟ್ಟಿಗೇ ಕೂಗಿದರು.

"ಇರ್ಲಿ. ಇಲ್ಲಿ ಎರಡೂ ಕೇಳ್ತೈತೆ."

ಹೌದೋ ಅಲ್ಲವೋ ನೋಡಲು ದೊಡ್ಡಮಾವ ಈಚೆಯಿಂದ ಬಾಗಿಲಿಗೆ ಬಂದರು. ಬಂದವರು ಹೋಗಲಿಲ್ಲ. ಆಚೆಯಿಂದ ಚಿಕ್ಕಮಾವ ಬಂದರು. ಆ ಬಾಗಿಲಿನ ಜಾಗದಲ್ಲಿ ಮಾತ್ರ ತಬಲ ಹಾಡಿನ ಬೆನ್ನು ಹತ್ತಿ, ಹಾಡು ತಬಲದ ಮೇಲೆ ಕಾಲಿಟ್ಟು ಸಾಗುತ್ತಿತ್ತು. ಸಾವ್ಕಾರ್ರೂ ಬಂದು ಚೌಕಟ್ಟಿಗೆ ಒರಗಿದರು. ದೊಡ್ಡಮಾವನ ಕೈ ತಾನಾಗಿ ತಾಳ ಹಾಕತೊಡಗಿತು. ಚಿಕ್ಕಮಾವ ಬೆಳಗಿನಿಂದ ಮೊದಲ ಸಲ ಅಣ್ಣನನ್ನು ಬಯ್ಯದೆ ನೋಡಿದರು.

ಮೇಸ್ತ್ರಿ ಬಾಂಡ್ಲಿ ಹಿಡಿದು ಬಂದ. "ಅಮ್ಮಾ, ಏಳ್ರಿ. ಸಿಮೆಂಟು ಗಟ್ಟಿ ಆಗ್ತದೆ."

"ಹಾಡು ಮುಗೀಲಿ ತಡಿಯಪ್ಪ."

ಹಾಡು ಮುಗಿಯಲಿಲ್ಲ. ಆ ಡೆಕ್ಕಿಗೆ ಆಟೋ ರಿವರ್ಸ್ ಎಂಬುದಿತ್ತು. ಕ್ಯಾಸೆಟ್ಟಿನ ಒಂದು ಮಗ್ಗುಲು ಮುಗಿದರೆ ಯಾರೂ ತೆಗೆದು ತಿರುವಿ ಹಾಕಬೇಕಿಲ್ಲ; ಟಕ್ ಎಂದು ತಾನೇ ಇನ್ನೊಂದು ಮಗ್ಗುಲಿಗೆ ಹೊರಳಿ, ಅದೂ ಮುಗಿದರೆ ಮತ್ತೆ ಮೊದಲಿನದಕ್ಕೆ. ವೂಫರ್, ಟ್ವೀಟರ್ ಬಿಟ್ಟರೆ ಅಂಗಡಿಯವನು ಹೇಳಿದ್ದರಲ್ಲಿ ಪೂರ್ತಿ ನಿಜವಾಗಿದ್ದದ್ದು ಇದೊಂದೇ. ಟಕ್ ಎಂದಾಗಲೆಲ್ಲ ಮೇಸ್ತ್ರಿ ಆಸೆಯಿಂದ ಕರಣೆ ಎತ್ತುವನು, ಮತ್ತೊಂದು ಹಾಡು ಶುರುವಾಗುವುದು, ಅಜ್ಜಿ ಕೈಯೆತ್ತಿ ತಡೆಯುವಳು. ಕೊನೆಗೆ ಅವನು ಬಾಂಡ್ಲಿಯಲ್ಲಿ ಬಿಗಿದುಕೊಂಡ ಗಾರೆಯನ್ನು ಕರಣೆಯಿಂದ ಕುಟ್ಟಿ ತೋರಿಸಿ ಊಟಕ್ಕೆ ಹೊರಟುಹೋದ.

ಸಾವ್ಕಾರ್ರಿಗೆ ಸೊರಬದ ಬಸ್ಸಿನ ಹೊತ್ತಾಗಿತ್ತು. ಶಲ್ಯ ಕೊಡವಿ ತೀರ್ಪು ಕೊಟ್ಟರು: "ನೋಡ್ರಪ್ಪ, ಗ್ವಾಡಿ ಕಟ್ಟಿದ್ರ ಇಬ್ರಿಗೂ ಅರ್ಧರ್ಧ ಹಾಡು. ಅದು ಯಾರಿಗೂ ನ್ಯಾಯ ಅಲ್ಲ. ಬಾಗ್ಲು ಇರ್ಲಿ."

"ಹ್ಞೂ, ಇರ್ಲಿ" ಅಂದರು ದೊಡ್ಡಮಾವ. "ಆ ಬ್ಯಾಲೆನ್ಸ್ ಗುಂಡಿ ನಡುವಿಗೇ ಇರ್ಬೇಕು ಮತ್ತೆ" ಅಂದರು ಚಿಕ್ಕಮಾವ.

ನನಗೆ ತಡೆಯಲಾಗಲಿಲ್ಲ. "ಇದೇ ಬಾಗಿಲನ್ನ ನಿನ್ನೆ ನಾನು ಕೇಳಿದ್ದೆನಲ್ಲ ಸಾವ್ಕಾರ್ರೇ! ಹೆತ್ತ ತಾಯಿ ಓಡಾಡೋದಕ್ಕೆ ಅಂತ. ಆಗ ಆಗಲ್ಲ ಅಂದ್ರಿ. ಈಗ ತಬಲ ಓಡಾಡೋದಕ್ಕೆ ಆಗುತ್ತಾ?"

ಅವರು ನಿಜವಾಗಿಯೂ ಯೋಚಿಸಿ ಹೇಳಿದರು: "ನಿಮ್ಮಜ್ಜಿ ಬೀದಿ ಸುತ್ತಿ ಬರಬಹುದು ತಂಗೀ. ತಬಲ ಹೆಂಗ ಬರ್ತೈತಿ?"

ಸ್ಪರ್ಧೆಯಲ್ಲಾಗಿದ್ದರೆ ಈ ಮಾತಿಗೆ ನಾನು ಅವರನ್ನು ವೇದಿಕೆಯಿಂದ ಇಳಿಸಿಬಿಡುತ್ತಿದ್ದೆ. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಅಜ್ಜಿ ನನ್ನ ರಟ್ಟೆ ಹಿಡಿದು ಎದ್ದಳು. ಸೀರೆಯ ಹಿಂಭಾಗಕ್ಕೆ ಅಂಗೈಯಗಲದ ಸಿಮೆಂಟು ಮೆತ್ತಿಕೊಂಡಿತ್ತು.

"ಸುಮ್ನಿರೇ ಸಾಕು. ಬಾಗ್ಲು ಸಿಕ್ಕಿದ ಮೇಲೂ ವಾದ ಮಾಡಿ ಅವರ ಮನಸ್ಸು ತಿರುಗಿಸ್ಬೇಡ" ಎಂದು ನನ್ನ ಕಿವಿಯಲ್ಲಿ ಗದರಿ, ಮಕ್ಕಳ ಕಡೆ ತಿರುಗಿದಳು. "ಏ, ಇಬ್ರೂ ಸೇರಿ ಈ ಇಟ್ಟಿಗೆ ಕಿತ್ತು ಹಾಕ್ರೋ. ಇಷ್ಟೆತ್ತರ ನನ್ನ ಕಾಲು ಏಳಲ್ಲ. ಬಚ್ಚಲ ಒಲೆ ಮೇಲೆ ನೀರು ಕಾದು ಎಷ್ಟೊತ್ತಾತೋ."

ಅಣ್ಣ ಈಚೆಯಿಂದ, ತಮ್ಮ ಆಚೆಯಿಂದ ಇಟ್ಟಿಗೆ ಎಬ್ಬಿಸತೊಡಗಿದರು. ಅಜ್ಜಿ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು, ಬೇಗ ಬೇಗ ಎನ್ನುತ್ತ ಕಾಯುತ್ತ ನಿಂತಳು.