ಗುಬ್ಬಿ ಕಾಯುವ ತಂತಿ

ಸೋಮವಾರ ಬೆಳಿಗ್ಗೆ ಏಳಕ್ಕೆ ಹುಬ್ಬಳ್ಳಿಯಲ್ಲಿ ಧಾರವಾಡದ ಬಸ್ಸು ಹತ್ತಿದೆವು. ಚಾರ್ಜು ತಲಾ ಆರಾಣೆ, ದೂರ ಹದಿಮೂರು ಮೈಲು, ಚಳಿ ಜೋರು. ಜೊತೆಗಿದ್ದವರು ನಮ್ಮ ಕಮರಿಪೇಟೆಯ ಖಾದರ್ ಕಾಕಾ. ಯುದ್ಧದಲ್ಲಿ ಹುಗಿದ ಬಾಂಬು ಹುಡುಕುತ್ತಿದ್ದವರು. ಧಾರವಾಡದಾಚೆ ಸೈನ್ಯ ತಾಲೀಮು ನಡೆಸಿ ಬಿಟ್ಟುಹೋದ ಹೊಲಗಳನ್ನು ಶೋಧಿಸಲು ಅವರಿಗೆ ಕರೆ ಬಂದಿತ್ತು. ಬಾಂಬು ಪತ್ತೆಹಚ್ಚುವ ಅವರ ಯಂತ್ರವನ್ನು ಕಣ್ಣಾರೆ ಕಾಣುವ ಹುರುಪಿನಲ್ಲಿ ನನಗೆ ಚಳಿಯೂ ಹತ್ತಲಿಲ್ಲ.

ಧಾರವಾಡದಲ್ಲಿ ಚುರುಮುರಿ, ಮಿರ್ಚಿ ತಿಂದು ನಾಲ್ಕು ಮೈಲು ಚಕ್ಕಡಿಯಲ್ಲಿ ಹೋದೆವು. ಚಕ್ಕಡಿ ತಂದಿದ್ದ ರೈತ ಫಕೀರಪ್ಪ ದಾರಿಯುದ್ದಕ್ಕೂ ಒಂದೇ ಮಾತು ಹೇಳಿದ: “ಬಾಂಬಿನ ಅಂಜಿಕಿಗೆ ಒಂದಾಳೂ ಬರವಲ್ದರಿ. ಜ್ವಾಳಾ ಕೀಳೋದು ಹ್ಯಾಂಗ?”

ಕಾಕಾ ಹೆಡ್‌ಫೋನ್ ಏರಿಸಿ, ಉದ್ದ ಕೋಲಿನ ತುದಿಯ ತಟ್ಟೆಯನ್ನು ಬದುವಿನ ಮೇಲೆ ಆಡಿಸಿದರು. ನನಗೂ ಕೇಳಿಸಿದರು: ದುಂಬಿಯ ಹಾಗೆ ಗುಂಯ್‌ಗುಟ್ಟುತ್ತಿದ್ದದ್ದು ಚಕ್ಕಡಿ ಗಾಲಿಯ ಕಬ್ಬಿಣದ ಹತ್ತಿರ ಒಯ್ದಾಗ ಚೀರಿತು! ಅಷ್ಟರಲ್ಲಿ ಅವರ ಕಣ್ಣು ಮೇಲಕ್ಕೆ ಹೋಯಿತು. ಹಕ್ಕಿ ಬೆದರಿಸಲು ಬಿದಿರಿನ ಗಳಗಳ ಮೇಲೆ ಹೊಲದುದ್ದಕ್ಕೂ ಎರಡೆಳೆಯ ತಂತಿ ಬಿಗಿದು ಚಿಂದಿ ಕಟ್ಟಿದ್ದರು.

“ಈ ತಂತಿ ಎಲ್ಲೀದೋ, ಫಕೀರಪ್ಪ?”

“ಇಲ್ಲೇ ಮಣ್ಣಾಗ ಸಿಕ್ತರಿ. ಛಲೋ ತಂತಿ! ಎಷ್ಟ ಜಗ್ಗಿದರೂ ಆ ಕಡಿ ತುದಿ ಬರಲಿಲ್ಲ, ಹಂಗ ಬಿಗದೇನಿ.”

ಕಾಕಾ ತಟ್ಟನೆ ಯಂತ್ರ ಬಂದ್ ಮಾಡಿದರು. “ಆ ತುದ್ಯಾಗ ಬಾಂಬ್ ಐತೋ ಮಾರಾಯ, ಕರೆಂಟಿಗೆ ಹಾರೋವಂಥಾದ್ದು! ನೀ ಅದಕ್ಕ ರೇಡಿಯೋದ ಏರಿಯಲ್ ಕಟ್ಟಿ ಕೊಟ್ಟಿ. ಹತ್ರ ಎಲ್ಲರ ವಾಯರ್‌ಲೆಸ್ ಚಾಲೂ ಆದರ ತಂತ್ಯಾಗ ಕರೆಂಟ್ ಹರಿತೈತಿ, ಮುಗೀತು.”

ವಾಯರ್‌ಲೆಸ್ ಇದ್ದ ಮಿಲಿಟರಿ ಲಾರಿ ನಮ್ಮ ಹಿಂದೆಯೇ ಬರುವುದಿತ್ತು. ರಸ್ತೆಯಲ್ಲಿ ಧೂಳು ಆಗಲೇ ಕಾಣುತ್ತಿತ್ತು. ತಂತಿ ಮಣ್ಣಿಗಿಳಿದ ಜಾಗದ ಪಕ್ಕದಲ್ಲೇ ಅಟ್ಟಣಿಗೆ, ಅದರ ಮೇಲೆ ಕವಣೆ ಹಿಡಿದ ಫಕೀರಪ್ಪನ ಹೆಂಡತಿ ಬಸವ್ವ.

“ಬಸವ್ವಾ, ಲಗೂ ಇಳೀಬೇ!” ಎಂದರು ಕಾಕಾ.

“ಗುಬ್ಬಿ ಕಾಯಾಕ ನೀವು ಏರ್ತೀರೇನ್ರಿ ಕಾಕಾ?” ಎಂದು ಆಕೆ ನಕ್ಕಳು.

“ಜ್ವಾಳಾ ಹೋಗ್ಲಿ, ಇಳಿ!” ಎಂದು ಫಕೀರಪ್ಪ ಚೀರಿದ. ಗಂಡನ ಬಾಯಲ್ಲಿ ಅಂಥ ಮಾತು ಕೇಳಿದ್ದೇ ಬಸವ್ವ ಗಾಬರಿಯಾಗಿ ಜಿಗಿದು ಓಡಿದಳು.

ನಾನು ರಸ್ತೆಗೆ ಓಡಿ ಕೈ ಬೀಸಿದೆ. ಲಾರಿ ನಿಲ್ಲಲಿಲ್ಲ. ಹಿಂದೆಯೇ ಬಂದ ಫಕೀರಪ್ಪ ಚಕ್ಕಡಿಯನ್ನೇ ಅಡ್ಡ ಹೊಡೆದ. ಡ್ರೈವರನ ಬೈಗುಳದ ನಡುವೆ ನಾನು ವಿಷಯ ಒದರಿದಾಗ, ಒಳಗೆ ಕುಳಿತಿದ್ದ ಸಿಪಾಯಿ ವಾಯರ್‌ಲೆಸ್ ಗುಂಡಿಯಿಂದ ಬೆರಳು ತೆಗೆದ. ಲಾರಿ ಹಿಂದಕ್ಕೆ ಹೋಯಿತು.

ಕಾಕಾ ತಂತಿ ಕೆಳಗಿಳಿಸಿ, ಅದರ ಎರಡೂ ಎಳೆಗಳ ತುದಿ ಕೂಡಿಸಿ ಹೊಸೆದರು. ಹಾಗೆ ಮಾಡಿದರೆ ಸಿಡಿತದ ಭಯ ಕಡಿಮೆಯಂತೆ. ನಮ್ಮನ್ನು ದೂರ ಕಳಿಸಿ, ಒಬ್ಬರೇ ಬೋರಲು ಮಲಗಿ ಮಣ್ಣು ಕೆದರಿದರು. ಮಧ್ಯಾಹ್ನದ ಹೊತ್ತಿಗೆ ಇಟ್ಟಿಗೆಯಂಥ ಬಾಂಬೊಂದು ಮೇಲೆ ಬಂತು. ಉಳಿದ ಹೊಲವನ್ನು ಸಂಜೆವರೆಗೂ ಶೋಧಿಸಿದರು. ಸಿಕ್ಕಿದ್ದು ಒಂದು ಲಾಳ ಮಾತ್ರ.

ಹೊರಟಾಗ ತಿರುಗಿ ನೋಡಿದೆ. ಬಸವ್ವ ಹೊಲದ ನಡುವೆ ನಿಂತು, ಬುಡಸಮೇತ ಕಿತ್ತ ಜೋಳದ ದಂಟನ್ನು ಎತ್ತಿ ತೋರಿಸುತ್ತಾ ಪಕ್ಕದ ಹೊಲದವರಿಗೆ ಕೂಗುತ್ತಿದ್ದಳು: “ನೋಡ್ರಿ, ನಾನ ಕಿತ್ತೇನಿ! ನಾಳೆ ಬರ್ರಿ ಎಲ್ಲಾರೂ!”