ಮಾಳಿಗೆಗೆ ಬೀಳದ ಮಣ್ಣು

ನಾಳೆ ಎಂದವನ ಮನೆ ಹಾಳು ಅನ್ನುತ್ತಾರೆ. ಸುಳ್ಳು. ನಾಳೆ ಎಂದವನು ಹೊಟ್ಟೆ ತುಂಬ ಉಂಡು, ಕಣ್ಣು ತುಂಬ ನಿದ್ದೆ ಮಾಡಿ ಆರಾಮವಾಗಿಯೇ ಇರುತ್ತಾನೆ. ಹಾಳಾಗುವವರು ಅವನ ಜೊತೆ ಬಾಳುವವರು. ನನ್ನ ಅಕ್ಕನ ಮನೆಯಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಅಕ್ಕನನ್ನು ಕೊಟ್ಟಿದ್ದು ಸಿಂದಗಿ ಕಡೆಯ ಒಂದು ಹಳ್ಳಿಗೆ. ನಾನು ಮುದ್ದೇಬಿಹಾಳದಲ್ಲಿ ಶಾಲೆಯ ಶಿಕ್ಷಕಿ. ಬೇಸಿಗೆಯ ಸೂಟಿ ಬಂತೆಂದರೆ ತಾಳಿಕೋಟೆಯಲ್ಲಿ ಬಸ್ಸು ಬದಲಿಸಿ ಅವಳ ಮನೆ ಸೇರುತ್ತೇನೆ. ಅವಳದು ಹಳೆಯ ಮಣ್ಣಿನ ಮಾಳಿಗೆಯ ಮನೆ. ಇಂಥ ಮನೆ ಇದ್ದವರು ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಮಾಳಿಗೆ ಹತ್ತಿ, ಹುಲ್ಲು ಕಿತ್ತು, ಇಲಿಯ ತೂತು ಮುಚ್ಚಿ, ಬಿಳಿಮಣ್ಣು ಹರಡಿ ತುಳಿಯಲೇಬೇಕು. ತುಳಿದರೆ ಹನಿ ನೀರು ಒಳಗೆ ಬರುವುದಿಲ್ಲ. ಬಿಟ್ಟರೆ ಮಾಳಿಗೆಯ ಮಣ್ಣೇ ರಾಡಿಯಾಗಿ ತಲೆಯ ಮೇಲೆ ಇಳಿಯುತ್ತದೆ.

ಅಕ್ಕನ ಗಂಡನನ್ನು ನಾನು ಮಾವ ಎನ್ನುತ್ತೇನೆ. ಕುಡಿತವಿಲ್ಲ, ಇಸ್ಪೀಟಿಲ್ಲ, ಯಾರಿಗೂ ಒಂದು ಕೆಟ್ಟ ಮಾತಿಲ್ಲ. ಊರಲ್ಲಿ ಯಾರು ಕರೆದರೂ ತಾಟಿನ ಮುಂದಿನಿಂದ ಎದ್ದು ಓಡುವ ಮನುಷ್ಯ. ಊರಿಗೆ ಉಪಕಾರಿ, ಮನೆಗೆ ಮಾರಿ. ಹೋದ ವರ್ಷ ಪಕ್ಕದ ಮನೆಯವರಿಗೆ ತಮ್ಮ ಟ್ರ್ಯಾಕ್ಟರಿನಲ್ಲಿ ಬಿಳಿಮಣ್ಣು ತಂದುಕೊಟ್ಟು, ತಾವೇ ಮೇಲೆ ಹತ್ತಿ ನೀರು ಯಾವ ಕಡೆ ಹರಿಯಬೇಕೆಂದು ತೋರಿಸಿ ಬಂದರು. ನಮ್ಮ ಮಾಳಿಗೆ ಯಾವಾಗ ಎಂದರೆ ಮೊದಲು ಅಮಾವಾಸ್ಯೆ ಅಡ್ಡ ಬಂತು. ಆಮೇಲೆ ಮಂಗಳವಾರ. ಆಮೇಲೆ ಟ್ರ್ಯಾಕ್ಟರಿನ ಗಾಲಿ ಪಂಕ್ಚರ್. ಆಮೇಲೆ ಬಸವನ ಬಾಗೇವಾಡಿಯಲ್ಲಿ ಬೀಗರ ಮನೆಯ ಮದುವೆ. ಸೋಮಾರಿಗೆ ಪಂಚಾಂಗದಷ್ಟು ಒಳ್ಳೆಯ ಗೆಳೆಯ ಮತ್ತೊಬ್ಬನಿಲ್ಲ.

ಆ ಬೇಸಿಗೆಯಲ್ಲೇ ಅಕ್ಕನಿಗೆ ಒಂದು ಕೆಲಸ ಕೂಡಿಬಂದಿತ್ತು. ಅವಳು ಬಡಿದ ಜೋಳದ ಕಡಕ್ ರೊಟ್ಟಿಯನ್ನು ಯಾರದೋ ಮದುವೆಯಲ್ಲಿ ತಿಂದ ಸಿಂದಗಿಯ ಖಾನಾವಳಿ ಮಾಲೀಕರೊಬ್ಬರು ದೊಡ್ಡ ಆರ್ಡರ್ ಕೊಟ್ಟಿದ್ದರು. ಈ ಸಲದ್ದು ಸರಿಬಂದರೆ ವರ್ಷವಿಡೀ ನಿಮ್ಮ ರೊಟ್ಟಿಯೇ ಎಂದಿದ್ದರು. ಮದುವೆಯಾದಾಗಿನಿಂದ ಇಂಥವರ ಹೆಂಡತಿ, ಇಂಥವರ ಸೊಸೆ ಎಂದೇ ಕರೆಸಿಕೊಂಡವಳು ಅವಳು. ಮೊದಲ ಸಲ ಯಾರೋ ಅವಳ ಕೈಗುಣ ಹುಡುಕಿಕೊಂಡು ಬಂದಿದ್ದರು. ಓಣಿಯ ಇಬ್ಬರು ಹೆಂಗಸರನ್ನು ಕೂಲಿಗೆ ಕರೆದು ಹಗಲೆಲ್ಲ ಒಲೆಯ ಮುಂದೆ ಕೂತಳು. ಒಣಗಿದ ರೊಟ್ಟಿಯನ್ನು ಬುಟ್ಟಿಗಳಲ್ಲಿ ಪೇರಿಸಿ, ಮೇಲೆ ಶುಭ್ರವಾದ ಧೋತರ ಮುಚ್ಚಿ ಒಳಕೋಣೆಯಲ್ಲಿ ಇಟ್ಟಳು. ದಿನಾ ಬೆಳಿಗ್ಗೆ ಚಹಾ ಕೊಡುವಾಗ ಗಂಡನಿಗೆ ಮಣ್ಣಿನ ನೆನಪು ಮಾಡುತ್ತಿದ್ದಳು.

ಮಾವ ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತ ಹೇಳುತ್ತಿದ್ದರು: "ಮಿರಗದ ಮಳಿಗಿ ಇನ್ನೂ ಟೈಮ್ ಐತಿ. ರೋಣಿ ಮಳಿ ನಮ್ಮ ಕಡೆ ಎಲ್ಲಿ ಬರ್ತೈತಿ? ನಾಳಿ ತರ್ತೇನಿ ಬಿಡ."

ಮಿರಗವೆಂದರೆ ಮೃಗಶಿರ, ನಮ್ಮ ಕಡೆ ನಿಜವಾದ ಮಳೆಗಾಲ ಶುರುವಾಗುವುದು ಆಗಲೇ. ಅದಕ್ಕಿಂತ ಮುಂಚಿನ ರೋಹಿಣಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಆ ವರ್ಷ ಬಂತು. ರೊಟ್ಟಿ ಒಯ್ಯಲು ಮರುದಿನ ಗಾಡಿ ಬರುವುದಿತ್ತು. ದೀಪ ಹಚ್ಚುವ ಹೊತ್ತಿಗೆ ಗಾಳಿ ಎದ್ದು, ಹಿಂದೆಯೇ ಮಳೆ ಧೋ ಎಂದು ಸುರಿಯಿತು. ಸ್ವಲ್ಪ ಹೊತ್ತಿನಲ್ಲಿ ಮಾಳಿಗೆ ಅಲ್ಲಲ್ಲಿ ತೊಟ್ಟಿಕ್ಕತೊಡಗಿತು. ನಾನೂ ಅಕ್ಕನೂ ಬುಟ್ಟಿಗಳನ್ನು ಆ ಮೂಲೆಯಿಂದ ಈ ಮೂಲೆಗೆ ಎಳೆದೆವು. ಎಳೆದಲ್ಲೆಲ್ಲ ಸೋರಿತು. ಬುಟ್ಟಿಗೆ ಹೊದಿಸಲು ತಾಡಪತ್ರಿ ಹುಡುಕಿದರೆ ಅದು ಮನೆಯಲ್ಲಿರಲಿಲ್ಲ. ಮಾವನೂ ಇರಲಿಲ್ಲ. ನಮ್ಮ ತಾಡಪತ್ರಿ ಹೊತ್ತುಕೊಂಡು ಹೋಗಿ, ಯಾರದೋ ಬಣವೆ ತೋಯುತ್ತದೆಂದು ಅದಕ್ಕೆ ಹೊದಿಸುತ್ತಿದ್ದರಂತೆ!

ಬೆಳಿಗ್ಗೆ ಧೋತರ ತೆಗೆದರೆ ರೊಟ್ಟಿಗಳೆಲ್ಲ ರಾಡಿ ಕುಡಿದು ಒಂದಕ್ಕೊಂದು ಅಂಟಿದ್ದವು. ಅಕ್ಕ ಅಳಲಿಲ್ಲ. ಬುಟ್ಟಿಗಳನ್ನು ಒಂದೊಂದಾಗಿ ಎತ್ತಿಕೊಂಡು ಹೋಗಿ ಎಮ್ಮೆಯ ಮುಂದೆ ಸುರಿದಳು. ಖಾನಾವಳಿಗೆ ಫೋನು ಮಾಡಿದವಳೂ ಅವಳೇ. ಮಾವ ತಾವೇ ಮಾತಾಡುವುದಾಗಿ ಹೇಳಿದರು, ಅದೂ ಸ್ವಲ್ಪ ಹೊತ್ತು ಬಿಟ್ಟು ಮಾಡುತ್ತೇನೆಂದು. ಆ ಮಾಲೀಕರು ಬಯ್ಯಲಿಲ್ಲ. ಬೇರೆ ಕಡೆ ನೋಡುತ್ತೇವೆ ಎಂದಷ್ಟೇ ಹೇಳಿದರು. ಅವರು ನೋಡಿದ್ದು ದೂರವೇನಲ್ಲ. ಕೂಲಿಗೆ ಬರುತ್ತಿದ್ದ ಇಬ್ಬರಲ್ಲಿ ಒಬ್ಬಳಿಗೆ ಸ್ಲ್ಯಾಬಿನ ಮನೆಯಿತ್ತು. ಆರ್ಡರ್ ಆ ಮನೆಗೆ ಹೋಯಿತು.

ಊರೆಲ್ಲ ಮಳೆಯನ್ನು ಬಯ್ದಿತು. ಮಾವನಿಗೆ ಒಬ್ಬರೂ ಒಂದು ಮಾತು ಅನ್ನಲಿಲ್ಲ. ನಾನು ಮಾತ್ರ ಅವರ ಮುಖಕ್ಕೇ ಅಂದೆ, ಇದು ಮಳೆ ಮಾಡಿದ್ದಲ್ಲ, ನೀವು ಮಾಡಿದ್ದು ಎಂದು. ಅವರು ನಕ್ಕರು. "ಸಿಟ್ಟಿಗೇಳಬ್ಯಾಡ ತಂಗಿ. ಆಗೂದು ಆಗಿ ಹೋತು," ಎಂದರು. ಅಡ್ಡ ಮಾತಾಡಿದ್ದರೆ ಜಗಳವಾದರೂ ಆಡಬಹುದಿತ್ತು. ನಗುವವರ ಜೊತೆ ಹೇಗೆ ಜಗಳವಾಡುವುದು? ಇಂಥ ಒಳ್ಳೆಯತನಕ್ಕೆ ಬೆಂಕಿ ಬೀಳಲಿ ಎಂದುಕೊಂಡೆ, ಇವತ್ತಿಗೂ ಹಾಗೆಯೇ ಅಂದುಕೊಳ್ಳುತ್ತೇನೆ.

ಈ ವರ್ಷ ಸೂಟಿಗೆ ಹೋದಾಗ ಮಾಳಿಗೆಗೆ ಮಣ್ಣು ಬಿದ್ದಿತ್ತು. ಮಾವ ಅದರ ಫೋಟೋ ತೆಗೆದು ಮೊಬೈಲಿನಲ್ಲಿ ಸ್ಟೇಟಸ್ ಇಟ್ಟಿದ್ದರು. ನನಗೂ ಮೇಲೆ ಹತ್ತಿಸಿ ತೋರಿಸಿದರು. ಅಕ್ಕ ಮನೆಯಲ್ಲಿರಲಿಲ್ಲ. ಸಂಜೆ ಬಂದಳು, ಸೆರಗಿಗೆಲ್ಲ ಜೋಳದ ಹಿಟ್ಟು. ಸ್ಲ್ಯಾಬಿನ ಮನೆಯವಳ ಒಲೆಯ ಮುಂದೆ ಕೂಲಿಗೆ ರೊಟ್ಟಿ ಬಡಿಯುತ್ತಿದ್ದಾಳೆ ಎಂದು ನನಗೆ ಗೊತ್ತಾಗಿದ್ದು ಆಗಲೇ.

ಊಟಕ್ಕೆ ಕೂತಾಗ ನಾನು ಸುಮ್ಮನಿರಲಾರದೆ, ಈಗ ಮಾಳಿಗೆ ಗಟ್ಟಿಯಾಗಿದೆ, ಮತ್ತೆ ನಿನ್ನದೇ ಶುರು ಮಾಡು ಎಂದೆ. ಅಕ್ಕ ಬಾಯಿ ತೆರೆಯುವ ಮೊದಲೇ ಮಾವ ತಲೆಯಾಡಿಸಿದರು. "ಮಾಡೂಣಂತ ತಂಗಿ. ದೀಪಾವಳಿ ಒಂದ ಆಗ್ಲಿ."

ಅಕ್ಕ ಅವರ ಕಡೆ ನೋಡಲಿಲ್ಲ. ತಾಟು ಎತ್ತಿಕೊಂಡು ಎದ್ದು, ನನಗೆ ಹಾಸಿಗೆ ಹಾಸಿಕೊಟ್ಟಳು.

"ನಾ ನಸುಕಿನ್ಯಾಗ ಎದ್ದ ಹೋಗ್ತೇನಿ, ನೀ ಮಲಕೋ," ಎಂದಳು. "ತಡಾ ಆದ್ರ ಆಕಿ ಬ್ಯಾರೆಯವ್ರನ್ನ ಕರೀತಾಳ."