ಐಡೆಲ್ಲಾಳೂ ಎಡವುವ ರೆಕಾರ್ಡೂ

ಕೆಂಟಕಿಯ ಬೆಟ್ಟಗಳ ನಡುವೆ, ಕಾಲ್ಡರ್ ಕ್ರೀಕಿನ ಶಾಲೆಯಲ್ಲಿ ಅಡುಗೆ ಮಾಡುತ್ತಿದ್ದ ಐಡೆಲ್ಲಾ ಸ್ಟ್ಯಾಂಪರ್ ಬಾಯಿ ತೆರೆದರೆ ಅರ್ಧ ಮಾತು, ಅರ್ಧ ಹಾಡು. ಗಂಡ ಹೋಯ್ಟ್ ಕಲ್ಲಿದ್ದಲು ಲಾರಿಯ ಡ್ರೈವರ್. ಅವನ ಬಾಯಿಂದ ಮಾತು ಹೊರಡಿಸುವುದೆಂದರೆ ತುಕ್ಕು ಹಿಡಿದ ಪಂಪು ಒತ್ತಿದ ಹಾಗೆ. ಮನೆಯ ಸೂರು ಸೋರುತ್ತಿದ್ದಾಗ ಅವನು ಹೆಂಡತಿಗೆ ಒಂದು ಮಾತೂ ಹೇಳದೆ ಮೀನು ಹಿಡಿಯುವ ದೋಣಿ ಕೊಂಡು ತಂದ. ಐಡೆಲ್ಲಾ ಅವನ ಬೂಟುಗಳನ್ನು ಅಂಗಳಕ್ಕೆ ಎಸೆದಳು. ಹಟಕ್ಕೆ ಹಟ ಬೆಳೆದು ಡೈವೋರ್ಸಿಗೇ ಹೋಯಿತು.

ಮನೆ ಅವಳಿಗೆ, ದೋಣಿ ಅವನಿಗೆ ಎಂದು ಸುಲಭವಾಗಿ ಇತ್ಯರ್ಥವಾಯಿತು. ಆದರೆ ಮಾರ್ಲೀನ್ ಟೇಟಳ ರೆಕಾರ್ಡನ್ನು ಇಬ್ಬರೂ ಬಿಡಲೊಲ್ಲರು. ಆ ಗಾಯಕಿ ಇಪ್ಪತ್ತು ವರ್ಷ ಹಾಡಿದ್ದರಲ್ಲಿ ಜನರ ಬಾಯಲ್ಲಿ ಉಳಿದ ಹಾಡುಗಳನ್ನೆಲ್ಲ ಆರಿಸಿ ತುಂಬಿದ್ದ ರೆಕಾರ್ಡು ಅದು.

"ಅಲ್ಲಮ್ಮಾ, ಅಂಗಡೀಲಿ ಇನ್ನೊಂದು ಸಿಗಲ್ವಾ?" ಎಂದರು ಜಡ್ಜು.

"ಸಿಗುತ್ತೆ ಸ್ವಾಮಿ. ಅವನೇ ತಗೊಳ್ಳಲಿ."

ಜಡ್ಜು ನಗು ತಡೆದುಕೊಂಡು ನಾಣ್ಯ ಚಿಮ್ಮಿದರು. ರೆಕಾರ್ಡು ಹೋಯ್ಟನ ಪಾಲಾಯಿತು.

ಐಡೆಲ್ಲಾ ಮರುವಾರವೇ ಹೊಸದೊಂದು ತಂದು, ಹೋಯ್ಟನ ತಂಗಿ ಝೆಲ್ಮಾಳನ್ನು ಕರೆದು ಕೂರಿಸಿ ಹಾಕಿದಳು. ಝೆಲ್ಮಾ ಅವಳ ಜೊತೆ ಶಾಲೆಯಲ್ಲೇ ಅಡುಗೆಗಿದ್ದವಳು. "ಡೈವೋರ್ಸ್ ಕೊಟ್ಟಿದ್ದು ಅಣ್ಣಂಗೆ, ನಂಗಲ್ವಲ್ಲ" ಎಂದು ಇನ್ನೂ ಅತ್ತಿಗೆ ಎಂದೇ ಕರೆಯುತ್ತಿದ್ದಳು. ಮೂರನೆಯ ಹಾಡಿನ ನಡುವೆ, ಜೊತೆಗೆ ಹಾಡುತ್ತಿದ್ದ ಐಡೆಲ್ಲಾ ಇದ್ದಕ್ಕಿದ್ದಂತೆ ಒಂದು ಸಾಲು ಹಾರಿ ಮುಂದೆ ಹೋಗಿಬಿಟ್ಟಳು. ಮಾರ್ಲೀನ್ ಹಿಂದೆ ಉಳಿದಳು.

"ಅತ್ತಿಗೆ, ತಪ್ಪು ಹಾಡ್ತಿದೀಯ."

"ನಂದಲ್ಲ ಕಣೇ ತಪ್ಪು, ಇವಳದು! ನಮ್ಮ ಹಳೇ ರೆಕಾರ್ಡು ಇಲ್ಲಿ ಎಡವಿ ಒಂದು ಸಾಲು ಹಾರ್ತಿತ್ತು. ಒಂದಿನ ಕುಣಿಯುವಾಗ ನಿಮ್ಮಣ್ಣ ಮೇಜಿಗೆ ಗುದ್ದಿ ಅದಕ್ಕೆ ಗೀರು ಬಿದ್ದಿತ್ತು. ಇದು ಎಡವೋದೇ ಇಲ್ಲ, ಹಾಳಾದ್ದು!"

"ಹಂಗಾದ್ರೆ ಎಡವೋದನ್ನೇ ಹೋಗಿ ಕೇಳು. ನನ್ ತಲೆ ಯಾಕೆ ತಿಂತೀಯ?"

ಭಾನುವಾರ ಚರ್ಚು ಮುಗಿಸಿ, ಬೇಯಿಸಿದ ಬೀನ್ಸ್ ಕಾಳನ್ನೂ ಮೆಕ್ಕೆಜೋಳದ ಬ್ರೆಡ್ಡನ್ನೂ ಕಟ್ಟಿಕೊಂಡು ಐಡೆಲ್ಲಾ ಹೋಯ್ಟನ ಬಾಡಿಗೆ ಮನೆಗೆ ಹೋದಳು. ಬಾಗಿಲು ತೆರೆದವನು ಅವಳ ಮುಖ ನೋಡಿದ, ಪಾತ್ರೆ ನೋಡಿದ, ದಾರಿ ಬಿಟ್ಟ. ರೆಕಾರ್ಡು ಗೋಡೆಗೊರಗಿತ್ತು. ಮೇಲೆ ಧೂಳು.

"ಏನೋ ಇದು, ಹಾಕೇ ಇಲ್ವಾ?"

"ಇಲ್ಲ."

"ಕೋರ್ಟಲ್ಲಿ ಅಷ್ಟು ಜಗಳ ಆಡ್ದೆ!"

ಹೋಯ್ಟ್ ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ಜೊತೆಗೆ ಹಾಡೋರು ಬೇಕಲ್ಲ" ಎಂದ. ಆಮೇಲೆ, "ದೋಣಿ ಮಾರ್ಬಿಟ್ಟೆ. ನಮ್ಮನೆ ಸೂರಿಗೆ ತಗಡು ತಂದಿಟ್ಟಿದೀನಿ" ಎಂದ.

ಇಷ್ಟು ಮಾತನ್ನು ಅವನು ಒಂದೇ ಉಸಿರಿಗೆ ಆಡಿದ್ದನ್ನು ಅವಳು ಕೇಳಿರಲೇ ಇಲ್ಲ. ಆದರೂ ಗದರಿದಳು: "ಮಾರಿದ್ಯಾ? ಯಾರನ್ನ ಕೇಳಿ ಮಾರ್ದೆ? ನಾನೂ ಒಂದ್ಸಲ ಕೂತು ನೋಡೋಣಾಂತಿದ್ದೆ!"

ಹೋಯ್ಟ್ ಗಹಗಹಿಸಿ ನಕ್ಕ. ಹಾಡು ಶುರುವಾಯಿತು. ಎಡವುವ ಕಡೆ ಇಬ್ಬರೂ ಒಟ್ಟಿಗೇ ಎಡವಿದರು. ಬ್ರೆಡ್ಡು ತಣ್ಣಗಾದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ತಗಡು ಹೊದಿಸಿ ಮುಗಿಯುವ ಹೊತ್ತಿಗೆ ವಸಂತ ಬಂದಿತ್ತು. ಅವರು ಎರಡನೆಯ ಸಲ ಮದುವೆಯಾದರು. ಚರ್ಚಿನ ನೆಲಮಾಳಿಗೆಯಲ್ಲಿ ಊರವರೇ ಮನೆಯಿಂದ ಅಡುಗೆ ತಂದು ಬಡಿಸಿದರು. ಐಡೆಲ್ಲಾ ಸೌಟು ಹಿಡಿಯಲು ಎದ್ದಾಗ ಝೆಲ್ಮಾ ಭುಜ ಒತ್ತಿ ಕೂರಿಸಿದಳು. ಅಡುಗೆ ಕಲಿತಾಗಿನಿಂದ ಮೊದಲ ಬಾರಿಗೆ ತಾನು ಬೇಯಿಸದ ಔತಣವನ್ನು ಅವಳು ಎರಡೆರಡು ಸಲ ಹಾಕಿಸಿಕೊಂಡು ಉಂಡಳು.